ಕೇಳಿದವರ ಚರಿತ್ರೆ

ಕನ್ನಡದಲ್ಲಿ ಕವಿಚರಿತೆ ಉಂಟು. ಕೇಳಿದವರ ಚರಿತೆ ಇಲ್ಲ. ಆರ್. ನರಸಿಂಹಾಚಾರ್ಯರು 1907ರಿಂದ 1929ರೊಳಗೆ ಮೂರು ಸಂಪುಟಗಳಲ್ಲಿ ನಮ್ಮ ಕವಿಗಳನ್ನು ಹುಡುಕಿ ತೆಗೆದು, ಒಬ್ಬೊಬ್ಬರ ಕಾಲ, ಊರು, ಮತ, ಗುರು ಎಲ್ಲವನ್ನೂ ಗೊತ್ತುಮಾಡಿ ಸಾಲಾಗಿ ಕೂರಿಸಿದರು. ನಮ್ಮಂಥ ಕನ್ನಡ ಮೇಷ್ಟರುಗಳು ಇಂದಿಗೂ ಆ ಕಣಜದ ಕಾಳನ್ನೇ ಉಣ್ಣುತ್ತಿದ್ದೇವೆ. ಆದರೆ ಕವಿ ತನ್ನ ಕಾವ್ಯವನ್ನು ಓದಿದಾಗ ಎದುರಿಗೆ ಕುಳಿತಿದ್ದವರು ಯಾರು? ಯಾವ ಪದ್ಯಕ್ಕೆ ತಲೆದೂಗಿದರು, ಎಲ್ಲಿ ತೂಕಡಿಸಿದರು, ಮನೆಗೆ ಹೋಗಿ ಯಾರ ಹತ್ತಿರ ಆ ಕಥೆ ಹೇಳಿದರು? ಇದಕ್ಕೆ ಸಂಪುಟಗಳಲ್ಲಿ ಉತ್ತರವಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿದೆ. ಕೇಳುಗರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಆದರೂ ಆ ಬಿರುದು ಪಡೆದವರಲ್ಲಿ ಒಬ್ಬನ ಹೆಸರೂ ನಮ್ಮವರೆಗೆ ಬಂದಿಲ್ಲ.

ನಾನು ಪಾಠ ಹೇಳಿಕೊಂಡಿರುವ ಹುಣಸೂರು ಸೀಮೆಯನ್ನೇ ತೆಗೆದುಕೊಳ್ಳೋಣ. ಇಲ್ಲಿಯ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ 1508ರಲ್ಲಿ ಸಮ್ಯಕ್ತ್ವಕೌಮುದಿಯನ್ನು ಬರೆದ. ಸೂಪಶಾಸ್ತ್ರವೂ ಅವನದೇ. ಐನೂರು ವರ್ಷಗಳ ಹಿಂದೆ ಈ ಕಡೆ ಹಿಟ್ಟಿನಿಂದ ಏನೇನು ತಿಂಡಿ ಮಾಡುತ್ತಿದ್ದರು, ಬದನೆಕಾಯಿಯನ್ನು ಎಷ್ಟು ಬಗೆಯಲ್ಲಿ ಬೇಯಿಸುತ್ತಿದ್ದರು ಎಂಬುದನ್ನು ಆ ಪುಣ್ಯಾತ್ಮ ಪದ್ಯಗಳಲ್ಲಿ ಬರೆದಿಟ್ಟಿದ್ದಾನೆ. ಬದನೆಕಾಯಿಗೆ ಸಿಕ್ಕಿದ ಭಾಗ್ಯ ಕೇಳುಗನಿಗೆ ಸಿಗಲಿಲ್ಲ.

ಧ್ವನಿಯನ್ನೂ ರೂಪವನ್ನೂ ಹಿಡಿಯುವ ಯಂತ್ರಗಳು ಬಂದಮೇಲಾದರೂ ಈ ಅನ್ಯಾಯ ಸರಿಹೋಗಬೇಕಾಗಿತ್ತು. ಹೋಗಲಿಲ್ಲ. ಗ್ರಾಮಫೋನಿನ ಕೊಳವೆ ಹಾಡುವವರ ಬಾಯಿಗೆ ತಿರುಗಿತು, ಸಿನಿಮಾ ಕ್ಯಾಮೆರಾ ನಟನ ಮುಖಕ್ಕೆ ತಿರುಗಿತು. ಮೈಸೂರಿನ ಎ. ವಿ. ವರದಾಚಾರ್ಯರು (1869–1926) ರಂಗದ ಮೇಲೆ ಹಾಡಿದರೆ ಸಭೆಯಿಂದ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೂಗು ನಮಗೆ ಉಳಿದಿದೆ. ಕೂಗಿದವನು ಎಲ್ಲಿಂದ ಬಂದಿದ್ದ, ಆ ಟಿಕೆಟ್ಟಿಗೆ ಹಣ ಹೇಗೆ ಹೊಂದಿಸಿದ್ದ, ಮರುದಿನ ಯಾವ ಕೆಲಸಕ್ಕೆ ಹೋದ ಎಂಬುದನ್ನು ಯಾರೂ ಕೇಳಲಿಲ್ಲ.

ಹೊರದೇಶಗಳಲ್ಲಿಯೂ ಕ್ಯಾಮೆರಾ ಕೇಳುಗನ ಕಡೆಗೆ ತಿರುಗಿದ್ದು ಬಹುಮಟ್ಟಿಗೆ ಆಕಸ್ಮಿಕವಾಗಿಯೇ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಮೊದಲ ಬಾರಿ ಅಮೆರಿಕಕ್ಕೆ ಬಂದಾಗ ಮೇಸಲ್ಸ್ ಸೋದರರು ಅವರ ಬೆನ್ನುಹತ್ತಿ ಚಿತ್ರ ತೆಗೆದರು. ಟೆಲಿವಿಷನ್ ಕಾರ್ಯಕ್ರಮ ನಡೆಯುವ ಮಂದಿರದೊಳಗೆ ಚಿತ್ರ ತೆಗೆಯಲು ಅವರಿಗೆ ಅವಕಾಶವಾಗಲಿಲ್ಲ. ಆಗ ಅವರು ನ್ಯೂಯಾರ್ಕಿನ ಒಂದು ಮನೆಗೆ ಹೋಗಿ, ಅಲ್ಲಿಯ ಹೆಣ್ಣುಮಕ್ಕಳು ಟೆಲಿವಿಷನ್ ಎದುರು ಕುಳಿತು ಆ ಕಾರ್ಯಕ್ರಮವನ್ನೇ ನೋಡುತ್ತಿದ್ದುದನ್ನು ಚಿತ್ರಿಸಿಕೊಂಡರು. ಬೀಟಲ್ಸ್ ಅಂದು ಹೇಗೆ ಹಾಡಿದರೆಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. ಒಂದು ಸಾಮಾನ್ಯ ಮನೆಯ ಕೋಣೆಯಲ್ಲಿ ಅವರನ್ನು ಹೇಗೆ ಕೇಳಿದರೆಂಬುದು ಬಾಗಿಲು ಮುಚ್ಚಿದ್ದರಿಂದ ಉಳಿಯಿತು.

ಬೇಕೆಂದೇ ಬೆನ್ನು ತಿರುಗಿಸಿ ನಿಂತವರು ಇಬ್ಬರು ಹವ್ಯಾಸಿಗಳು. ಅವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1986ನೆಯ ಇಸವಿ ಮೇ 31ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಲ್ಯಾಂಡೋವರ್ ಎಂಬಲ್ಲಿ, ಕ್ಯಾಪಿಟಲ್ ಸೆಂಟರ್ ಎಂಬ ದೊಡ್ಡ ಕ್ರೀಡಾಮಂದಿರದಲ್ಲಿ, ಜೂಡಸ್ ಪ್ರೀಸ್ಟ್ ಎಂಬ ಇಂಗ್ಲೆಂಡಿನ ತಂಡದ ಕಛೇರಿಯಿತ್ತು. ಈ ತಂಡದವರದು ‘ಹೆವಿ ಮೆಟಲ್’ ಸಂಗೀತ. ರಾಕ್ ಸಂಗೀತದಲ್ಲಿಯೇ ಬಲು ಗಡುಸಾದ ಶಾಖೆ. ನನ್ನ ಕಿವಿಗೆ ಅದು ಕಮ್ಮಾರಸಾಲೆಯ ಮುಂದೆ ನಿಂತಂತೆ ಕೇಳಿಸುತ್ತದೆ, ಆದರೆ ಇಲ್ಲಿ ನನ್ನ ಕಿವಿಯ ಮಾತು ಮುಖ್ಯವಲ್ಲ. ಜೆಫ್ ಕ್ರೂಲಿಕ್ ಮತ್ತು ಜಾನ್ ಹೇನ್ ಎಂಬ ಇಬ್ಬರು ತರುಣರು ಅಂದು ಅಲ್ಲಿಗೆ ಹೋದರು. ಕ್ರೂಲಿಕ್ ಸಾರ್ವಜನಿಕರ ಬಳಕೆಗೆಂದಿದ್ದ ಒಂದು ಕೇಬಲ್ ಟೆಲಿವಿಷನ್ ಸ್ಟುಡಿಯೊದಲ್ಲಿ ಕೆಲಸದಲ್ಲಿದ್ದುದರಿಂದ ವಿಡಿಯೊ ಕ್ಯಾಮೆರಾ, ಮೈಕು ಅಲ್ಲಿಂದಲೇ ಒದಗಿದವು. ಅವರು ಮಂದಿರದ ಒಳಕ್ಕೆ ಕಾಲಿಡಲಿಲ್ಲ. ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಕಛೇರಿಗಾಗಿ ಕಾದು ನಿಂತಿದ್ದ ಹುಡುಗ ಹುಡುಗಿಯರ ಮುಂದೆ ಮೈಕು ಹಿಡಿದು, ಎಲ್ಲಿಂದ ಬಂದಿರಿ, ಈ ತಂಡವೆಂದರೆ ನಿಮಗೇಕೆ ಇಷ್ಟ ಎಂಬಂಥ ಸಾದಾ ಪ್ರಶ್ನೆಗಳನ್ನು ಕೇಳಿದರು. ಕೆಲವರು ಕುಡಿದಿದ್ದರು, ಕೆಲವರು ಕಿರುಚಿದರು. ಹುಲಿಕುದುರೆಯ ಪಟ್ಟೆಗಳ ಉಡುಪು ತೊಟ್ಟ ಒಬ್ಬ ತನಗೆ ಹಿಡಿಸದ ಇನ್ನೊಂದು ಬಗೆಯ ಸಂಗೀತವನ್ನು ಹಿಗ್ಗಾಮುಗ್ಗಾ ಬೈದ. ಒಂದೆರಡು ಗಂಟೆಗಳಲ್ಲಿ ಕೆಲಸ ಮುಗಿಯಿತು. ಕತ್ತರಿಸಿ ಜೋಡಿಸಿದ ಮೇಲೆ ಉಳಿದದ್ದು ಹದಿನೇಳು ನಿಮಿಷದಷ್ಟು ಚಿತ್ರ. ಅದಕ್ಕೆ ‘ಹೆವಿ ಮೆಟಲ್ ಪಾರ್ಕಿಂಗ್ ಲಾಟ್’ ಎಂದು ಹೆಸರಿಟ್ಟರು. ಚಿತ್ರದಲ್ಲಿ ತಂಡ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ.

ಅದನ್ನು ಆಗ ಯಾವ ದೊಡ್ಡ ಸಂಸ್ಥೆಯೂ ಬಿಡುಗಡೆ ಮಾಡಲಿಲ್ಲ. ಸ್ನೇಹಿತರಿಂದ ಸ್ನೇಹಿತರಿಗೆ ವಿಡಿಯೊ ಕ್ಯಾಸೆಟ್ಟಿನ ನಕಲಾಗಿ, ನಕಲಿನ ನಕಲಾಗಿ ಅದು ದೇಶವೆಲ್ಲ ಅಲೆಯಿತು. ಓಲೆಗರಿಯ ಪ್ರತಿಗಳಂತೆಯೇ, ಅಲ್ಲಿ ಲಿಪಿಕಾರನ ತಪ್ಪುಗಳು ಕೂಡುತ್ತ ಹೋದರೆ ಇಲ್ಲಿ ಪ್ರತಿ ನಕಲಿನಲ್ಲೂ ಬಣ್ಣ ಮಾಸುತ್ತ ಹೋಯಿತು. 2002ರಲ್ಲಿ ಕ್ಯಾಪಿಟಲ್ ಸೆಂಟರನ್ನು ಸಿಡಿಮದ್ದಿಟ್ಟು ಕೆಡವಿದರು. 2016ರಲ್ಲಿ, ಚಿತ್ರಕ್ಕೆ ಮೂವತ್ತು ತುಂಬಿದಾಗ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಅದರದೇ ಒಂದು ಪ್ರದರ್ಶನವಾಯಿತು. ಹುಡುಗಾಟಕ್ಕೆ ತೆಗೆದದ್ದು ದಾಖಲೆಯಾಯಿತು. 1986ರಲ್ಲಿ ಒಂದು ಸಾಧಾರಣ ಊರಿನ ಯುವಕರು ಹೇಗೆ ಬಟ್ಟೆ ತೊಡುತ್ತಿದ್ದರು, ಹೇಗೆ ಕೂದಲು ಬಿಡುತ್ತಿದ್ದರು, ಸಂತೋಷವಾದಾಗ ಯಾವ ಮಾತು ಬಾಯಿಗೆ ಬರುತ್ತಿತ್ತು ಎಂಬುದನ್ನು ಆ ವರ್ಷದ ಸರ್ಕಾರಿ ಕಡತಗಳಿಂದ ತಿಳಿಯಲು ಸಾಧ್ಯವೇ?

ಆದರೂ ಆ ಚಿತ್ರವನ್ನು ನೋಡಿದಾಗ ನನಗೆ ಒಂದು ಇರಸುಮುರಸು ತಪ್ಪಲಿಲ್ಲ. ನೋಡುವವರು ಬಹಳ ಮಟ್ಟಿಗೆ ನಗುವುದು ಆ ಹುಡುಗರೊಂದಿಗಲ್ಲ, ಅವರನ್ನು ಕಂಡು. ಹತ್ತೊಂಬತ್ತರ ಹರೆಯದಲ್ಲಿ ಕುಡಿದು ಆಡಿದ ಒಂದು ಮಾತು ಮುಂದೆ ನಲವತ್ತು ವರ್ಷ ಬೆನ್ನಿಗಂಟಿಕೊಂಡು ಬರುವುದೆಂದರೆ ಅದು ಸಣ್ಣ ಶಿಕ್ಷೆಯಲ್ಲ. ನಿರ್ದೇಶಕರು ಮುಂದೆ ಅವರಲ್ಲಿ ಕೆಲವರನ್ನು ಹುಡುಕಿ ಮತ್ತೆ ಮಾತನಾಡಿಸಿದರೆಂಬುದು ಅವರ ಸೌಜನ್ಯ.

ನಮ್ಮ ನಾಡಿಗೂ ಈ ಸಂಗೀತ ಬಂದಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿಯಲ್ಲಿ ಐರನ್ ಮೇಡನ್ ತಂಡ, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ದೂರದೂರದಿಂದ ಹುಡುಗರು ರೈಲು, ಬಸ್ಸು ಹತ್ತಿ ಬಂದರು. ಆದರೆ ನಮ್ಮ ತಾಲ್ಲೂಕುಗಳ ಹುಡುಗರನ್ನು ಹಿಡಿದದ್ದು ಇಂಗ್ಲಿಷ್ ಗೀತಗಳಿಗಿಂತ ಹೆಚ್ಚಾಗಿ ಕನ್ನಡ ಪದ ಹಾಡುವ ರಾಕ್ ತಂಡ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತ್ ಕಟ್ಟಿದ ತಂಡ ಅದು. 2008ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಗಿಟಾರಿನೊಂದಿಗೆ ಹೊರಬಂದವು. ನಮ್ಮ ತಲೆಮಾರಿಗೆ ಶರೀಫರನ್ನು ಮನೆಗೆ ತಂದುಕೊಟ್ಟವರು ಸಿ. ಅಶ್ವಥ್. ನನ್ನ ವಿದ್ಯಾರ್ಥಿಗಳಿಗೆ ತಂದುಕೊಟ್ಟದ್ದು ಈ ತಂಡ. ತರಗತಿಯಲ್ಲಿ ತತ್ತ್ವಪದವೆಂದರೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಊಟದ ಬಿಡುವಿನಲ್ಲಿ ಅದೇ ಪದವನ್ನು ಡೆಸ್ಕಿನ ಮೇಲೆ ತಾಳ ಹಾಕುತ್ತ ಹಾಡುವುದನ್ನು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆ ಹುಡುಗನೂ ಅವನ ಇಬ್ಬರು ಗೆಳೆಯರೂ ಸೇರಿ, ಈ ತಂಡದ ಕಟ್ಟಾ ಅಭಿಮಾನಿಗಳ ಮೇಲೆ ಒಂದು ಸಾಕ್ಷ್ಯಚಿತ್ರ ತೆಗೆಯುತ್ತೇವೆಂದು ಹೊರಟರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೇ ತಾಲ್ಲೂಕು. ಬಂಡವಾಳ ಎರಡು ಮೊಬೈಲ್ ಫೋನು, ಎರವಲು ತಂದ ಒಂದು ಮೈಕು. ನಾನು ಒಪ್ಪಿ ಜೊತೆಗೆ ನಿಂತು, ಎರಡು ಷರತ್ತು ಹಾಕಿದೆ. ಮೈದಾನದ ಬಾಗಿಲಿನಲ್ಲಿ ಕಾದು ನಿಂತು ಯಾರನ್ನೂ ಹಿಡಿಯಬಾರದು. ಅವರವರ ಮನೆಗೆ, ಕೆಲಸದ ಜಾಗಕ್ಕೆ ಹೋಗಿ ಕೇಳಬೇಕು. ಚಿತ್ರ ಸಿದ್ಧವಾದ ಮೇಲೆ ಅವರಿಗೆ ತೋರಿಸಿ ಇನ್ನೊಮ್ಮೆ ಒಪ್ಪಿಗೆ ಪಡೆಯಬೇಕು. ಹುಡುಗರಿಗೆ ಎರಡನೆಯದು ಅಷ್ಟಾಗಿ ರುಚಿಸಲಿಲ್ಲ.

ಮೊದಲು ಹೋದದ್ದು ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪಿನ ಬ್ಯಾರನ್ನಿಗೆ. ಪಟ್ಟಣದ ಓದುಗರಿಗೆ ಇದನ್ನು ವಿವರಿಸಬೇಕಾದೀತು. ಹುಣಸೂರು ಪಿರಿಯಾಪಟ್ಟಣಗಳ ಕೆಂಪುಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪೇ ದುಡ್ಡಿನ ಬೆಳೆ. ಕೊಯ್ದ ಎಲೆಯನ್ನು ಕಡ್ಡಿಗೆ ಕಟ್ಟಿ, ಎತ್ತರದ ಗೋಡೆಗಳ ಈ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಕೊಳವೆಗಳ ಕಾವಿನಿಂದ ಹದಮಾಡುತ್ತಾರೆ. ಐದಾರು ದಿನ ಹಗಲೂ ರಾತ್ರಿ ಉರಿ ಒಂದೇ ಸಮ ಇರಬೇಕು. ಕಾವು ಏರಿದರೂ ಇಳಿದರೂ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆದ್ದರಿಂದ ರಾತ್ರಿಯೆಲ್ಲ ಒಬ್ಬರು ಎದ್ದಿರಲೇಬೇಕು. ನಮ್ಮ ಅಭಿಮಾನಿ ಅಂಥ ಒಲೆಯ ಬಾಯಿಯ ಮುಂದೆ ಕುಳಿತು ಫೋನಿನಲ್ಲಿ ಹಾಡು ಕೇಳುವವನು, ಇಪ್ಪತ್ತಾರರ ವಯಸ್ಸು. “ಹೊಗೆಸೊಪ್ಪು ಬೇಯ್ಸೋನಿಗೆ ಗುಡುಗುಡಿ ಪದ ಬಿಟ್ರೆ ಇನ್ಯಾವ್ದು ಸಾರ್ ಸರಿಹೋಗೋದು?” ಎಂದು ನಕ್ಕ. ಯಾವ ಸಾಲು ಮುಗಿದ ಮೇಲೆ ಡ್ರಮ್ಮು ಬೀಳುತ್ತದೆಂಬುದು ಅವನಿಗೆ ಕಂಠಪಾಠ. ಅದು ಬಿದ್ದಾಗಲೆಲ್ಲ ಕೈಯಲ್ಲಿದ್ದ ಸೌದೆಯಿಂದ ನೆಲಕ್ಕೆ ಒಂದು ಪೆಟ್ಟು ಕೊಡುತ್ತಿದ್ದ. ತಂಡವನ್ನು ಕಣ್ಣಾರೆ ಒಮ್ಮೆಯೂ ನೋಡಿಲ್ಲ. ಅವರು ದಸರೆಯ ಕಾಲಕ್ಕೆ ಹಾಡುತ್ತಾರೆಂದರೆ ಇವನ ಬ್ಯಾರನ್ ಉರಿಯುತ್ತಿರುತ್ತದೆ. ಕಟ್ಟಾ ಅಭಿಮಾನಿಯೆಂದರೆ ಕಛೇರಿಯಿಂದ ಕಛೇರಿಗೆ ಅಲೆಯುವವನೆಂದು ತಿಳಿದು ಹೊರಟಿದ್ದ ನಮ್ಮ ಹುಡುಗರು ಹಿಂದಿರುಗುವ ದಾರಿಯಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಕೋಟೆಯ ಕಡೆಯವನೊಬ್ಬ ಕಬಿನಿ ಹಿನ್ನೀರಿನ ಬಳಿಯ ವಸತಿಗೃಹದಲ್ಲಿ ಜೀಪು ಓಡಿಸುತ್ತಾನೆ. ಮೈಸೂರಿನಲ್ಲಿ ಹಾಡು ಕೇಳಿ ಕೊನೆಯ ಬಸ್ಸು ತಪ್ಪಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿ, ಬೆಳಗಿನ ಬಸ್ಸಿಗೆ ನೇರ ಕೆಲಸಕ್ಕೆ ಹೋದದ್ದು ಅವನ ಬಾಳಿನ ದೊಡ್ಡ ಸಾಹಸ. ಇನ್ನೊಬ್ಬ ಬೈಲಕುಪ್ಪೆಯ ಟಿಬೆಟನ್ ತರುಣ. 1960ರ ಸುಮಾರಿಗೆ ಕಾಡು ಕಡಿದು ಆ ನೆಲೆಯನ್ನು ಕಟ್ಟಿದವರ ಮೊಮ್ಮಗ. ಕನ್ನಡ ಚೆನ್ನಾಗಿ ಆಡುತ್ತಾನೆ, ಆದರೆ ಓದಲು ಬರೆಯಲು ಬಾರದು. ಶರೀಫರ ಪದವನ್ನು ಅವನು ಟಿಬೆಟನ್ ಲಿಪಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಆ ಪುಟದ ಚಿತ್ರ ನಮ್ಮಲ್ಲಿದೆ. ಧಾರವಾಡ ಸೀಮೆಯ ಕನ್ನಡ, ಮೈಸೂರಿನ ಗಿಟಾರು, ಹಿಮಾಲಯದಾಚೆಯ ಅಕ್ಷರ! ಪಾಠಾಂತರಗಳನ್ನು ಶೋಧಿಸುವ ನನ್ನ ಮಿತ್ರರು ಇಂಥ ಒಂದು ಪ್ರತಿಯನ್ನು ಕನಸಿನಲ್ಲಿಯೂ ಕಂಡಿರಲಾರರು.

ಚಿತ್ರದ ದಿಕ್ಕು ಬದಲಾದದ್ದು ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಭಿಮಾನಿಯಾದ ಮೊಮ್ಮಗನನ್ನು ಜಗುಲಿಯ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದೆವು. ಒಳಗಿದ್ದ ತಾತ ಕೇಳಿಸಿಕೊಳ್ಳುವಷ್ಟು ಕೇಳಿಸಿಕೊಂಡು ಹೊರಗೆ ಬಂದು, “ಅದೇನ್ ಮಾ ಬಸ್ ತಪ್ಪೋಯ್ತು ಅಂತ ಒಂದ್ ಕತೆಯಾ? ನಾವ್ ಬಸ್ಸೇ ಇಲ್ದಾಗ ಹೋಗ್ತಿದ್ವಿ” ಎಂದರು. ನಾಲೆ ಏರಿಯ ಮೇಲೆ ಲಾಟೀನು ಹಿಡಿದು, ಎಂಟು ಹತ್ತು ಮೈಲಿ ನಡೆದು, ರಾತ್ರಿಯೆಲ್ಲ ‘ಕುರುಕ್ಷೇತ್ರ’ ನೋಡಿ, ಬೆಳಗಿನ ಜಾವ ದುರ್ಯೋಧನ ಬಿದ್ದಮೇಲೆ ಹಾಗೆಯೇ ಗದ್ದೆಗೆ ಇಳಿಯುತ್ತಿದ್ದರಂತೆ. ಊರವರೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಮೈಸೂರಿನಿಂದ ಸೀನು, ಡ್ರೆಸ್ಸು ಬಾಡಿಗೆಗೆ ತಂದು ಆಡುವ ಪೌರಾಣಿಕ ನಾಟಕಗಳು ಈ ಭಾಗದಲ್ಲಿ ಇಂದಿಗೂ ನಿಂತಿಲ್ಲ. ಅದರಲ್ಲಿ ಪಾತ್ರ ಮಾಡಿದವರ ಫೋಟೋ ಮನೆಮನೆಯ ಗೋಡೆಯ ಮೇಲೆ ಉಂಟು. ಈ ಯಜಮಾನರು ಪಾತ್ರ ಮಾಡಿದವರಲ್ಲ. “ನನ್ನೇನ್ ಫೋಟೋ ಹಿಡೀತೀರಿ ಮೇಷ್ಟ್ರೇ, ಬುಡಿ. ನಾನೇನ್ ಪಾಲ್ಟು ಮಾಡಿದ್ನಾ? ಕುಂತ್ಕಂಡು ಕೇಳ್ದೋನು” ಎಂದು ಕೈಯಾಡಿಸಿಬಿಟ್ಟರು. ಅವರನ್ನು ಒಪ್ಪಿಸಲು ಎರಡು ಭಾನುವಾರ ಬೇಕಾಯಿತು.

ಒಪ್ಪಿದ ಮೇಲೆ ತಡೆಯಿಲ್ಲ. ಯಾವ ಊರಿನ ಕೃಷ್ಣನ ದನಿ ಎಷ್ಟು ಮನೆಗೆ ಏರುತ್ತಿತ್ತು, ಯಾವ ಮೇಷ್ಟ್ರು ಕಾಲುಪೆಟ್ಟಿಗೆಯ ಮೇಲೆ ಕೂತರೆ ಪಾತ್ರಧಾರಿ ತಪ್ಪಿದರೂ ಗೊತ್ತಾಗದಂತೆ ಮುಚ್ಚುತ್ತಿದ್ದರು, ಯಾವ ಪದಕ್ಕೆ ಯಾರು ವೇದಿಕೆ ಹತ್ತಿ ನೋಟು ಕೊಟ್ಟರು, ಎಲ್ಲ ಹೇಳಿದರು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ತೆರೆಗೆ ಬಂದಾಗ, ನಾಟಕದಲ್ಲಿ ತಾನು ಕೇಳಿದ್ದ ಹರಿಶ್ಚಂದ್ರನಿಗೂ ರಾಜಕುಮಾರರ ಹರಿಶ್ಚಂದ್ರನಿಗೂ ಹೋಲಿಸಿ ಸೋದರಮಾವನೊಂದಿಗೆ ಜಗಳವಾಡಿ ಆರು ತಿಂಗಳು ಮಾತು ಬಿಟ್ಟಿದ್ದನ್ನೂ ಹೇಳಿದರು. ಯಾರ ಪಕ್ಷ ವಹಿಸಿದ್ದರೆಂದು ಕೇಳಿದರೆ ಮಾತ್ರ ಹೇಳಲಿಲ್ಲ; ಸೋದರಮಾವನ ಮಕ್ಕಳು ಚಿತ್ರ ನೋಡಿಯಾರೆಂಬ ಭಯ. ಅಷ್ಟು ಹೊತ್ತು ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ ಇದರಲ್ಲಿ ಒಂದು ಮಾತನ್ನೂ ಹಿಂದೆ ಕೇಳಿರಲಿಲ್ಲ. ರಾಕ್ ತಂಡದ ಅಭಿಮಾನಿಗಳ ಚಿತ್ರದೊಳಕ್ಕೆ ಈ ತಾತ ಹೀಗೆ ಬಂದರು. ಸೇರದ ವಸ್ತುವನ್ನು ಸೇರಿಸಿದಿರೆಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನನಗೆ ಹಾಗೆ ತೋರುವುದಿಲ್ಲ. ಕಲ್ಲುಬೆಂಚಿನ ಮೇಲೆ ಮಲಗಿದವನೂ ನಾಲೆ ಏರಿಯ ಮೇಲೆ ನಡೆದವರೂ ಒಂದೇ ಒಕ್ಕಲಿನವರು.

ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಚಿತ್ರದಲ್ಲಿ ಮಾತಾಡಿದ ತರುಣಿ ಒಬ್ಬಳೇ. ಹೆಣ್ಣುಮಕ್ಕಳಲ್ಲಿ ಈ ತಂಡದ ಅಭಿಮಾನಿಗಳಿಲ್ಲವೆಂದಲ್ಲ. ಕ್ಯಾಮೆರಾದ ಮುಂದೆ ಕೂರಲು ಮಿಕ್ಕವರ ಮನೆಯಲ್ಲಿ ಒಪ್ಪಲಿಲ್ಲ. ಅವಳು ಆಡಿದ್ದು ಏಳು ನಿಮಿಷ. ಹಾಡು ಕೇಳುವುದೆಂದರೇನು ಎಂಬುದನ್ನು ನಮ್ಮ ಹತ್ತೊಂಬತ್ತು ಜನರಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದವರು ಬೇರೊಬ್ಬರಿಲ್ಲ. ಚಿತ್ರ ಸಿದ್ಧವಾಗುವ ವೇಳೆಗೆ ಅವಳಿಗೆ ಮದುವೆ ಗೊತ್ತಾಗಿತ್ತು. ತನ್ನ ಭಾಗವನ್ನು ತೆಗೆದುಹಾಕಬೇಕೆಂದು ಕೇಳಿಕೊಂಡಳು. ಮುಖ ತೋರಿಸದೆ ಧ್ವನಿಯನ್ನಷ್ಟೇ ಇಡುತ್ತೇವೆಂದು ಹುಡುಗರು ಹೇಳಿ ನೋಡಿದರು. ಧ್ವನಿಯೂ ಗುರುತು ಸಿಗುತ್ತದೆಂದಳು. ಐವತ್ತು ವರ್ಷ ಯಾರಿಗೂ ತೋರಿಸದೆ ಬೀಗ ಹಾಕಿಡೋಣ, ಪತ್ರಾಗಾರಗಳಲ್ಲಿ ಹಾಗೆ ಮಾಡುತ್ತಾರಲ್ಲವೇ ಎಂದು ಒಬ್ಬ ಹುಡುಗ ನನ್ನೊಡನೆ ವಾದಿಸಿದ. ಅವನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಕೇಳಿದವರ ಚರಿತ್ರೆ ಬೇಕೆಂದು ಹೊರಟವರು ಸಿಕ್ಕಿದ ಅತ್ಯುತ್ತಮ ಸಾಕ್ಷ್ಯವನ್ನು ನಾವೇ ಅಳಿಸುವುದೇ? ನಾಳೆ ಯಾರಾದರೂ ಇದನ್ನು ನೋಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ತರುಣಿಯರು ಹಾಡನ್ನೇ ಕೇಳುತ್ತಿರಲಿಲ್ಲವೆಂದು ಬರೆದರೆ?

ಅಳಿಸಿದೆವು. ಅವಳ ಎದುರಿಗೇ, ಎರಡು ಫೋನಿನಿಂದಲೂ ಕಂಪ್ಯೂಟರಿನಿಂದಲೂ. ಚರಿತ್ರೆಗೆ ನಷ್ಟವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಷ್ಟವನ್ನು ತುಂಬಿಕೊಡುವ ಹೊಣೆ ಅವಳ ಮೇಲಿರಲಿಲ್ಲ. ಅವಳು ಹೇಳಿದ್ದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಚಿತ್ರದಲ್ಲಿ ಆ ಸ್ಥಳಕ್ಕೆ ಬೇರೆ ಏನನ್ನೂ ಜೋಡಿಸದೆ, ಒಬ್ಬ ಕೇಳುಗಳ ಮಾತು ಇಲ್ಲಿತ್ತು, ಆಕೆಯ ಇಚ್ಛೆಯಂತೆ ತೆಗೆಯಲಾಗಿದೆ ಎಂಬ ಎರಡು ಸಾಲು ಹಾಕಿದ್ದೇವೆ. ಊರು, ಹೆಸರು ಇಲ್ಲ. ವಾದಿಸಿದ ಹುಡುಗನೇ ಆ ಸಾಲುಗಳನ್ನು ಬರೆದ.

ಉಳಿದದ್ದು ಮೂವತ್ತನಾಲ್ಕು ನಿಮಿಷದ ಚಿತ್ರ. ಕಾಲೇಜಿನಲ್ಲಿ ಒಂದು ಮಧ್ಯಾಹ್ನ ತೋರಿಸಿದೆವು. ಬ್ಯಾರನ್ನಿನವನು ಬರಲಾಗಲಿಲ್ಲ, ಅಂದು ಹರಾಜಿತ್ತು. ತಾತ ಬಂದಿದ್ದರು. ತಮ್ಮ ಭಾಗ ಮುಗಿದ ಕೂಡಲೆ ಎದ್ದು ಹೊರಟವರು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ತಮ್ಮೊಡನೆ ನಾಟಕಗಳಿಗೆ ನಡೆದವರಲ್ಲಿ ಇನ್ನೂ ಐವರಿದ್ದಾರೆಂದು ಹೆಸರು ಹೇಳಿ ಬರೆಸಿದರು. ಆ ಚೀಟಿ ಹಿಡಿದು ನಾವು ಹೊರಡುವುದರೊಳಗೆ ಇಬ್ಬರು ತೀರಿಕೊಂಡರು. ಉಳಿದ ಮೂವರಲ್ಲಿ ಇಬ್ಬರು ಸಾಲಿಗ್ರಾಮದ ಕಡೆ, ಒಬ್ಬರು ಚುಂಚನಕಟ್ಟೆಯ ಹತ್ತಿರ. ಚುಂಚನಕಟ್ಟೆಯವರಿಗೆ ಈಗ ಕಿವಿ ಪೂರಾ ಹೋಗಿದೆಯಂತೆ. ಆದರೆ ಎದುರಿಗೆ ಯಾರಾದರೂ ಹಾರ್ಮೋನಿಯಂ ಇಟ್ಟುಕೊಂಡು ಕುಳಿತರೆ ಹಾಡುತ್ತಾರಂತೆ. ಭತ್ತದ ಒಕ್ಕಣೆ ಮುಗಿದ ಮೇಲೆ ಬನ್ನಿ ಎಂದು ಅವರ ಮಗ ಹೇಳಿದ್ದಾರೆ. ಹುಡುಗರು ಹಾರ್ಮೋನಿಯಂ ಹುಡುಕುತ್ತಿದ್ದಾರೆ.